ಮೂಲ ಹೆಸರು, ಮೂಲ ಅವಧಿ: ಮರೆಯಾದ ಹಳೆಯ ಹಾರರ್, ಸೈನ್ಸ್ ಫಿಕ್ಷನ್ ಚಿತ್ರಗಳನ್ನು ಹುಡುಕುವ ಬಗೆ

ಯಿಂಡ್ರಿಖ್ ಪೊಲಾಕ್ ನಿರ್ದೇಶಿಸಿದ 'ಇಕಾರಿಯೆ ಎಕ್ಸ್‌ಬಿ 1' ಎಂಬ ಚೆಕೊಸ್ಲೊವಾಕಿಯಾದ ಚಿತ್ರ 1963ರಲ್ಲಿ ತೆರೆಕಂಡಿತು. ಮರುವರ್ಷ ಅಮೆರಿಕಕ್ಕೆ ಬರುವಷ್ಟರಲ್ಲಿ ಅದರ ಹೆಸರು 'ವಾಯೇಜ್ ಟು ದಿ ಎಂಡ್ ಆಫ್ ದಿ ಯೂನಿವರ್ಸ್' ಎಂದಾಗಿತ್ತು, ನಿರ್ದೇಶಕರ ಹೆಸರು ಜ್ಯಾಕ್ ಪೊಲಾಕ್ ಎಂದಾಗಿತ್ತು, ಸುಮಾರು 10 ನಿಮಿಷಕ್ಕೆ ಕತ್ತರಿ ಬಿದ್ದಿತ್ತು. ಮೂಲದಲ್ಲಿ ಭೂಮಿಯಿಂದ ಹೊರಟವರು ಕೊನೆಗೆ ಹೊಸದೊಂದು ಗ್ರಹವನ್ನು ಕಾಣುತ್ತಾರೆ. ಅಮೆರಿಕದ ಪ್ರತಿಯಲ್ಲಿ ಅವರೇ ಬೇರೆ ಲೋಕದವರು, ಕೊನೆಗೆ ಅವರ ಕಣ್ಣಿಗೆ ಬೀಳುವುದು ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ. ಈ ಎರಡನೆಯದನ್ನು ನೋಡಿ 'ಸಾಧಾರಣ ಚಿತ್ರ' ಎಂದು ಬದಿಗಿಟ್ಟವರು ಪೊಲಾಕ್ ಮಾಡಿದ ಚಿತ್ರವನ್ನು ನೋಡಿಯೇ ಇಲ್ಲ.

ಹಾಗಾಗಿ ಇಲ್ಲಿ ಹುಡುಕಾಟ ಎಂದರೆ ಎರಡು ಕೆಲಸ. ಇಂಥದ್ದೊಂದು ಚಿತ್ರ ಇದೆ ಎಂದು ತಿಳಿದುಕೊಳ್ಳುವುದು ಮೊದಲನೆಯದು, ಅದರ ಸರಿಯಾದ ಪ್ರತಿಯನ್ನು ಪತ್ತೆಮಾಡುವುದು ಎರಡನೆಯದು. ಮೊದಲನೆಯದಕ್ಕೆ ಒಂದು ಸಂಜೆ ಸಾಕು. ಎರಡನೆಯದಕ್ಕೆ ತಾಳ್ಮೆ ಬೇಕು, ಚೂರು ಲೆಕ್ಕವೂ ಬೇಕು.

1. ಮೆಚ್ಚಿದ ಒಂದು ಚಿತ್ರದಿಂದ ಎಳೆ ಹಿಡಿಯಿರಿ

'ನೋಡಲೇಬೇಕಾದ ನೂರು ಚಿತ್ರಗಳು' ಎಂಬಂಥ ಪಟ್ಟಿಗಳು ಒಂದನ್ನು ನೋಡಿ ಒಂದು ಬರೆದಂತಿರುತ್ತವೆ. ಅವುಗಳಿಂದ ಸಿಗುವುದು ಈಗಾಗಲೇ ಹೆಸರಾದ ಚಿತ್ರಗಳೇ. ಅದರ ಬದಲು ನಿಮಗೆ ನಿಜಕ್ಕೂ ಹಿಡಿಸಿದ ಒಂದು ಹಳೆಯ ಚಿತ್ರವನ್ನು ಆರಿಸಿ, ಅದರಿಂದ ಐದು ಹೆಸರು ಬರೆದುಕೊಳ್ಳಿ: ನಿರ್ದೇಶಕ, ಛಾಯಾಗ್ರಾಹಕ, ಚಿತ್ರಕಥೆಗಾರ, ನಿರ್ಮಾಪಕ, ಕಲಾ ನಿರ್ದೇಶಕ. ನಿರ್ದೇಶಕರ ಬೆನ್ನು ಎಲ್ಲರೂ ಹತ್ತುತ್ತಾರೆ. ಅಷ್ಟಾಗಿ ಯಾರೂ ನೋಡದ ಚಿತ್ರಗಳು ಸಿಗುವುದು ಹೆಚ್ಚಾಗಿ ಛಾಯಾಗ್ರಾಹಕ ಮತ್ತು ನಿರ್ಮಾಪಕರ ಹಾದಿಯಲ್ಲಿ.

ಕಾರ್ಲ್ ಫ್ರಾಯಿಂಡ್ ಅವರನ್ನೇ ತೆಗೆದುಕೊಳ್ಳಿ. 1920ರ ಜರ್ಮನ್ ಚಿತ್ರ 'ದೇರ್ ಗೋಲೆಮ್', 1927ರ 'ಮೆಟ್ರೊಪೊಲಿಸ್', 1931ರ 'ಡ್ರಾಕುಲಾ' ಮೂರಕ್ಕೂ ಅವರ ಕ್ಯಾಮೆರಾ. ಮುಂದೆ ಅವರೇ ನಿರ್ದೇಶಕರಾಗಿ 1932ರಲ್ಲಿ 'ದಿ ಮಮ್ಮಿ', 1935ರಲ್ಲಿ 'ಮ್ಯಾಡ್ ಲವ್' ಮಾಡಿದರು. ಅದೇ 'ಡ್ರಾಕುಲಾ' ಸೆಟ್‌ಗಳಲ್ಲಿ, ಇಂಗ್ಲಿಷ್ ತಂಡ ಮನೆಗೆ ಹೋದ ಮೇಲೆ, ರಾತ್ರಿ ಹೊತ್ತು ಬೇರೆ ತಂಡವೊಂದು ಸ್ಪ್ಯಾನಿಷ್ ಆವೃತ್ತಿಯನ್ನು ಚಿತ್ರೀಕರಿಸಿತು. ಇಂಗ್ಲಿಷ್‌ನದ್ದು 75 ನಿಮಿಷ, ಸ್ಪ್ಯಾನಿಷ್‌ನದ್ದು 104. ಅದರ ಛಾಯಾಗ್ರಾಹಕ ಜಾರ್ಜ್ ರಾಬಿನ್ಸನ್ ಹೆಸರು ಹಿಡಿದು ಹೊರಟರೆ 1936ರ 'ಡ್ರಾಕುಲಾಸ್ ಡಾಟರ್' ಸಿಗುತ್ತದೆ. ಒಂದು ಚಿತ್ರದಿಂದ ಎರಡು ಎಳೆ, ನಾಲ್ಕೈದು ಚಿತ್ರ.

ಇನ್ನೊಂದು ಎಳೆ ನಿಕೊಲಸ್ ಮುಸುರಾಕ ಅವರದು. 1942ರ 'ಕ್ಯಾಟ್ ಪೀಪಲ್' ಚಿತ್ರದ ಗಾಢ ನೆರಳು ಅವರ ಕೆಲಸ. ಹಿಂದಕ್ಕೆ ಹೋದರೆ 1940ರ 'ಸ್ಟ್ರೇಂಜರ್ ಆನ್ ದಿ ಥರ್ಡ್ ಫ್ಲೋರ್', ಮುಂದಕ್ಕೆ ಬಂದರೆ 1943ರ 'ದಿ ಸೆವೆಂತ್ ವಿಕ್ಟಿಮ್'. ಕೊನೆಯದು ಬರೀ 71 ನಿಮಿಷದ ಚಿತ್ರ, ಆದರೆ ಆ ಕಾಲದ ಹಾಲಿವುಡ್‌ನಲ್ಲಿ ಸಾವಿನ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ ಚಿತ್ರಗಳು ಬೆರಳೆಣಿಕೆಯಷ್ಟು. ಇದರ ನಿರ್ಮಾಪಕ ವ್ಯಾಲ್ ಲ್ಯೂಟನ್ 1942ರಿಂದ 1946ರೊಳಗೆ ಆರ್‌ಕೆಒ ಸ್ಟುಡಿಯೊಗೆ ಒಂಬತ್ತು ಹಾರರ್ ಚಿತ್ರ ಮಾಡಿಕೊಟ್ಟರು. ಒಂಬತ್ತನ್ನೂ ನೋಡಿ. ಎಲ್ಲವೂ ಚಿಕ್ಕವು.

ಒಬ್ಬರ ಚಿತ್ರಪಟ್ಟಿ ತೆರೆದಾಗ ಎಲ್ಲವನ್ನೂ ನೋಡಬೇಕೆಂದು ಹೊರಡಬೇಡಿ. ಮೆಚ್ಚಿದ ಚಿತ್ರದ ಹಿಂದಿನ ಐದು ವರ್ಷ, ಮುಂದಿನ ಐದು ವರ್ಷ ಮಾತ್ರ ನೋಡಿ, ಹೆಸರು ಕೇಳಿರದ ಮೂರನ್ನು ಗುರುತು ಹಾಕಿಕೊಳ್ಳಿ.

2. ಸೋಸುವ ಸೌಲಭ್ಯವನ್ನು ತಿರುಗಿಸಿ ಬಳಸಿ

ಚಿತ್ರಗಳ ಮಾಹಿತಿ ತಾಣವಾದ ಐಎಂಡಿಬಿಯ ಸುಧಾರಿತ ಹುಡುಕಾಟದಲ್ಲಿ ಪ್ರಕಾರ, ವರ್ಷ, ದೇಶ, ಭಾಷೆಯ ಜೊತೆಗೆ ಎಷ್ಟು ಮಂದಿ ಮತ ಹಾಕಿದ್ದಾರೆ ಎಂಬುದನ್ನೂ ಸೋಸಬಹುದು. ಹೆಚ್ಚಿನವರು ಹೆಚ್ಚು ಮತ ಬಿದ್ದದ್ದನ್ನು ಹುಡುಕುತ್ತಾರೆ. ನೀವು ಮೇಲಿನ ಮಿತಿಯನ್ನು ಇಳಿಸಿ. ಹಾರರ್, 1950ರಿಂದ 1970, ಒಂದು ದೇಶ, ಮತಗಳು 200ರಿಂದ 2,000. ಫಲಿತಾಂಶವನ್ನು ಅಂಕದ ಪ್ರಕಾರ ಜೋಡಿಸಿ. 200ಕ್ಕಿಂತ ಕೆಳಗೆ ಹೋದರೆ ಅಂಕಕ್ಕೆ ಅರ್ಥವಿರುವುದಿಲ್ಲ, ನಾಲ್ಕಾರು ಅಭಿಮಾನಿಗಳ ಮತವೇ ಅದನ್ನು ಏರಿಸಿಬಿಡುತ್ತದೆ. 2,000ಕ್ಕಿಂತ ಮೇಲಿನವು ಹೇಗೂ ಪಟ್ಟಿಗಳಲ್ಲಿ ಸಿಗುತ್ತವೆ.

ಒಮ್ಮೆಗೆ ಒಂದೇ ದೇಶ ಇಟ್ಟುಕೊಳ್ಳುವುದು ಮುಖ್ಯ. ದೇಶ ಹಾಕದಿದ್ದರೆ ಅಮೆರಿಕದ ಚಿತ್ರಗಳೇ ಪುಟ ತುಂಬುತ್ತವೆ. ಮತಗಳ ಮೇಲಿನ ಮಿತಿಯನ್ನು ತುಸು ಏರಿಸಿ ಮೆಕ್ಸಿಕೊ ಹಾಕಿ ನೋಡಿ: ಫರ್ನಾಂಡೊ ಮೆಂಡೆಸ್ ಅವರ 1957ರ 'ಎಲ್ ವಂಪೀರೊ', ಚಾನೊ ಉರುಯೇಟ ಅವರ 1962ರ 'ಎಲ್ ಎಸ್ಪೇಹೊ ದೆ ಲಾ ಬ್ರೂಹಾ' ಎದುರಾಗುತ್ತವೆ. ಫಿನ್ಲೆಂಡ್ ಹಾಕಿದರೆ 1952ರ 'ವಾಲ್ಕೊಯಿನೆನ್ ಪೇವ್ರಾ', ಅಂದರೆ 'ಬಿಳಿ ಹಿಮಸಾರಂಗ'. ಬ್ರೆಜಿಲ್ ಹಾಕಿದರೆ ಜೋಸೆ ಮೋಜಿಕ ಮರಿನ್ಸ್ ಉದ್ದ ಉಗುರು, ಕರಿ ಟೋಪಿಯಲ್ಲಿ ಬರುವ 1964ರ ಚಿತ್ರ.

ಟಿವಿ ಚಿತ್ರಗಳನ್ನು ಸೋಸಿ ತೆಗೆಯಬೇಡಿ. ಯೂರೋಪಿನ ಹಲವು ಒಳ್ಳೆಯ ಭಯಾನಕ ಕಥೆಗಳು ಚಿತ್ರಮಂದಿರದ ಮುಖವನ್ನೇ ನೋಡಿಲ್ಲ. ಯುಗೊಸ್ಲಾವಿಯಾದ 'ಲೆಪ್ಟಿರಿತ್ಸ' (1973), ಬಿಬಿಸಿಯ 'ದಿ ಸ್ಟೋನ್ ಟೇಪ್' (1972) ಎರಡೂ ಟಿವಿಗಾಗಿ ಮಾಡಿದವು.

3. ಮೂಲ ಹೆಸರನ್ನು ಹಿಡಿಯಿರಿ

ಹುಡುಕಾಟ ಕೆಡುವುದು ಬಹುತೇಕ ಇಲ್ಲಿಯೇ. ಈ ಪ್ರಕಾರದ ಚಿತ್ರಗಳು ಗಡಿ ದಾಟಿದಾಗೆಲ್ಲ ಹೆಸರು ಬದಲಿಸಿಕೊಂಡಿವೆ. ಮಾರಿಯೊ ಬಾವ ಅವರ 1960ರ 'ಲಾ ಮಾಸ್ಕೆರ ದೆಲ್ ದೆಮೋನಿಯೊ' ಅಮೆರಿಕದಲ್ಲಿ 'ಬ್ಲ್ಯಾಕ್ ಸಂಡೇ', ಬ್ರಿಟನ್ನಿನಲ್ಲಿ 'ರಿವೆಂಜ್ ಆಫ್ ದಿ ವ್ಯಾಂಪೈರ್'. ಫ್ರಾನ್ಸಿನ ಜಾರ್ಜ್ ಫ್ರಾಂಜು ಅವರ ಮೌನ, ದುಃಖ ತುಂಬಿದ 'ಲೇ ಯೂ ಸಾನ್ ವಿಸಾಜ್' ಅಮೆರಿಕದ ಚಿತ್ರಮಂದಿರದಲ್ಲಿ 'ದಿ ಹಾರರ್ ಚೇಂಬರ್ ಆಫ್ ಡಾ. ಫಾಸ್ಟಸ್' ಆಯಿತು. ಆ ಚಿತ್ರದಲ್ಲಿ ಫಾಸ್ಟಸ್ ಎಂಬ ವೈದ್ಯನೇ ಇಲ್ಲ.

ಜನರ ಹೆಸರೂ ಹೀಗೆಯೇ. ಇಟಲಿಯ ರಿಕಾರ್ಡೊ ಫ್ರೆಡ ಎಂದರೆ ರಾಬರ್ಟ್ ಹ್ಯಾಂಪ್ಟನ್, ಆಂಟೋನಿಯೊ ಮಾರ್ಗರೀತಿ ಎಂದರೆ ಆ್ಯಂಥನಿ ಡಾಸನ್, ಬಾವ ಕೆಲವೊಮ್ಮೆ ಜಾನ್ ಎಂ. ಓಲ್ಡ್. ಇಂಗ್ಲಿಷ್ ಹೆಸರು ಕಂಡ ಕೂಡಲೇ ಅದು ಅಮೆರಿಕದ ಚಿತ್ರ ಎಂದುಕೊಳ್ಳಬಾರದು.

ಮಾಡಬೇಕಾದ್ದು ಇಷ್ಟು. ಚಿತ್ರದ ವಿಕಿಪೀಡಿಯ ಪುಟ ತೆರೆದು, ಭಾಷೆಗಳ ಪಟ್ಟಿಯಿಂದ ಆ ಚಿತ್ರದ ಸ್ವಂತ ಭಾಷೆಯ ಪುಟಕ್ಕೆ ಹೋಗಿ. ಅಲ್ಲಿರುವ ಶೀರ್ಷಿಕೆಯನ್ನು ಆ ಭಾಷೆಯ ಲಿಪಿಯಲ್ಲೇ ನಕಲು ಮಾಡಿಕೊಳ್ಳಿ. ರಷ್ಯನ್ ಆದರೆ ಸಿರಿಲಿಕ್, ಜಪಾನಿ ಆದರೆ ಕಾಂಜಿ. ಆ ಶೀರ್ಷಿಕೆ ಮತ್ತು ವರ್ಷ ಎರಡನ್ನೂ ಸೇರಿಸಿ ಹುಡುಕಿದರೆ ಇಂಗ್ಲಿಷ್ ಹೆಸರಿಗೆ ಸಿಗದ ಪ್ರತಿಗಳು, ಹಳೆಯ ಪೋಸ್ಟರ್‌ಗಳು, ಆಯಾ ದೇಶದ ಆರ್ಕೈವ್ ಪುಟಗಳು ಹೊರಬರುತ್ತವೆ. ಬಳಿಕ ಐಎಂಡಿಬಿಯ 'ರಿಲೀಸ್ ಇನ್ಫೋ' ಪುಟದಿಂದ ಉಳಿದ ಎಲ್ಲ ಹೆಸರುಗಳನ್ನೂ ಬರೆದುಕೊಳ್ಳಿ. ಒಂದೇ ಚಿತ್ರದ ಡಿಸ್ಕನ್ನು ಎರಡು ಹೆಸರಿನಲ್ಲಿ ಎರಡು ಸಲ ಕೊಳ್ಳುವುದು ಇದರಿಂದ ತಪ್ಪುತ್ತದೆ.

ಸೋವಿಯತ್ ಚಿತ್ರಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಪಾವೆಲ್ ಕ್ಲುಶಾಂತ್ಸೆವ್ ಅವರ 1962ರ 'ಪ್ಲಾನೆಟಾ ಬುರ್' ಚಿತ್ರದ ದೃಶ್ಯಗಳನ್ನು ಬಳಸಿ ಅಮೆರಿಕದಲ್ಲಿ ಎರಡು ಬೇರೆ ಚಿತ್ರಗಳನ್ನೇ ಕಟ್ಟಿದರು. 1965ರ 'ವಾಯೇಜ್ ಟು ದಿ ಪ್ರಿಹಿಸ್ಟಾರಿಕ್ ಪ್ಲಾನೆಟ್' ಒಂದು, 1968ರ 'ವಾಯೇಜ್ ಟು ದಿ ಪ್ಲಾನೆಟ್ ಆಫ್ ಪ್ರಿಹಿಸ್ಟಾರಿಕ್ ವಿಮೆನ್' ಇನ್ನೊಂದು. ಉಚಿತವಾಗಿ ಧಾರಾಳವಾಗಿ ಸಿಗುವುದು ಈ ಎರಡು. ಕ್ಲುಶಾಂತ್ಸೆವ್ ಅವರ ನೀರೊಳಗಿನ ದೃಶ್ಯಗಳು, ಶುಕ್ರಗ್ರಹದ ಮಂಜು, ದೈತ್ಯ ರೋಬೋಟ್ ಇವೆಲ್ಲ ಎಷ್ಟು ಚೆನ್ನಾಗಿವೆ ಎಂದು ತಿಳಿಯಬೇಕಾದರೆ ರಷ್ಯನ್ ಮೂಲವನ್ನೇ ಮೊದಲು ನೋಡಬೇಕು.

4. ಅವಧಿಯ ಲೆಕ್ಕ

ಕೈಗೆ ಸಿಕ್ಕ ಪ್ರತಿ ಪೂರ್ತಿಯೋ ಅಲ್ಲವೋ ಎಂದು ತಿಳಿಯಲು ಸುಲಭದ ಸಾಧನ ಗಡಿಯಾರ. ಆದರೆ ನಿಮಿಷ ಕಡಿಮೆ ಇದ್ದ ಮಾತ್ರಕ್ಕೆ ಕತ್ತರಿ ಬಿದ್ದಿದೆ ಎಂದಲ್ಲ.

ಚಿತ್ರಮಂದಿರದಲ್ಲಿ ಫಿಲ್ಮ್ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಂತೆ, ಅಂದರೆ 24 ಫ್ರೇಮ್. ಯೂರೋಪಿನ ಪಾಲ್ ಪದ್ಧತಿಯ ಟಿವಿ, ಡಿವಿಡಿಗಳಲ್ಲಿ ಅದನ್ನೇ 25ರಂತೆ ಓಡಿಸುತ್ತಾರೆ. ಹೀಗಾಗಿ ಪೂರ್ತಿ ಚಿತ್ರವೇ ಶೇ 4ರಷ್ಟು ಬೇಗ ಮುಗಿಯುತ್ತದೆ, ದನಿಯೂ ಸ್ವಲ್ಪ ಏರುತ್ತದೆ. ಲೆಕ್ಕ ಸರಳ: ಮೂಲ ಅವಧಿಯನ್ನು 0.96ರಿಂದ ಗುಣಿಸಿ. 96 ನಿಮಿಷದ ಚಿತ್ರ 92 ನಿಮಿಷ ಆಗಿದ್ದರೆ ಅದು ಪೂರ್ತಿ ಇದೆ, ವೇಗ ಮಾತ್ರ ಹೆಚ್ಚಿದೆ. ಅದಕ್ಕಿಂತ ಕಡಿಮೆ ಇದ್ದರೆ ಏನೋ ಹೋಗಿದೆ.

ಜಾಕ್ ಟೂರ್ನರ್ ಅವರ 1957ರ 'ನೈಟ್ ಆಫ್ ದಿ ಡೀಮನ್' ಮೇಲೆ ಇದನ್ನು ಪರೀಕ್ಷಿಸಿ. ಬ್ರಿಟಿಷ್ ಮೂಲ ಸುಮಾರು 96 ನಿಮಿಷ. 'ಕರ್ಸ್ ಆಫ್ ದಿ ಡೀಮನ್' ಹೆಸರಿನ ಅಮೆರಿಕದ ಪ್ರತಿ ಸುಮಾರು 82. ಡಿಸ್ಕಿನ ಮೇಲೆ 92 ಎಂದಿದ್ದರೆ ಒಳ್ಳೆಯದು. 79 ಎಂದಿದ್ದರೆ ಅದು ಅಮೆರಿಕದ ಕತ್ತರಿಸಿದ ಪ್ರತಿ, ಮೇಲೆ ಪಾಲ್ ವೇಗವೂ ಸೇರಿದೆ.

ಅವಧಿ ಹೊಂದಿತು ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. 1954ರ ಜಪಾನಿನ 'ಗೊಜಿರಾ' (ಗಾಡ್ಜಿಲ್ಲಾ) 96 ನಿಮಿಷ. 1956ರ ಅಮೆರಿಕದ ಪ್ರತಿ 80 ನಿಮಿಷ ಇದ್ದರೂ ಅದರೊಳಗೆ ರೇಮಂಡ್ ಬರ್ ನಟಿಸಿದ ಹೊಸ ದೃಶ್ಯಗಳಿವೆ. ಅಂದರೆ ಮೂಲದಿಂದ ಹೋದದ್ದು 16 ನಿಮಿಷಕ್ಕಿಂತ ಹೆಚ್ಚು. ಬಾವ ಅವರ 1963ರ ಮೂರು ಕಥೆಗಳ ಚಿತ್ರ 'ಇ ತ್ರೆ ವೋಲ್ತಿ ದೆಲ್ಲ ಪವೂರ' ಅಮೆರಿಕದಲ್ಲಿ 'ಬ್ಲ್ಯಾಕ್ ಸಬತ್' ಆದಾಗ ಕಥೆಗಳ ಕ್ರಮ ಬದಲಾಯಿತು, ಸಂಗೀತ ಬದಲಾಯಿತು, ಟೆಲಿಫೋನಿನ ಕಥೆಗೆ ಇಲ್ಲದ ಒಂದು ದೆವ್ವವನ್ನೂ ಸೇರಿಸಿದರು. ಪೂರ್ವ ಜರ್ಮನಿ ಮತ್ತು ಪೋಲೆಂಡ್ ಸೇರಿ 1960ರಲ್ಲಿ ಮಾಡಿದ 'ದೇರ್ ಶ್ವೈಗೆಂದೆ ಸ್ಟೆರ್ನ್' ಚಿತ್ರದ ಅಮೆರಿಕದ ಪ್ರತಿಯಲ್ಲಿ ಹಿರೋಶಿಮಾದ ಪ್ರಸ್ತಾಪವೇ ಇಲ್ಲ. ಆ ಪ್ರಸ್ತಾಪ ಹೋದ ಮೇಲೆ ಚಿತ್ರಕ್ಕೆ ಬೆನ್ನೆಲುಬೇ ಉಳಿಯುವುದಿಲ್ಲ.

ಮೂಕಿ ಚಿತ್ರಗಳಲ್ಲಿ ನಿಮಿಷವನ್ನು ನಂಬಲೇಬೇಡಿ, ಫಿಲ್ಮಿನ ಉದ್ದದ ಮೀಟರ್ ಲೆಕ್ಕವನ್ನು ನಂಬಿ. ಆಗಿನ ವೇಗ ಸೆಕೆಂಡಿಗೆ 16ರಿಂದ 24 ಚೌಕಟ್ಟಿನ ನಡುವೆ ಎಲ್ಲಾದರೂ ಇರಬಹುದಿತ್ತು. 35 ಎಂಎಂ ಫಿಲ್ಮ್ 24ರ ವೇಗದಲ್ಲಿ ನಿಮಿಷಕ್ಕೆ 27.4 ಮೀಟರ್ ಓಡುತ್ತದೆ, 18ರ ವೇಗದಲ್ಲಿ 20.6 ಮೀಟರ್. ಹಾಗಾಗಿ 2,000 ಮೀಟರ್ ಉದ್ದದ ಒಂದೇ ಚಿತ್ರ ಒಂದು ಕಡೆ 73 ನಿಮಿಷ, ಇನ್ನೊಂದು ಕಡೆ 97 ನಿಮಿಷ ಆಗಬಹುದು. ಎರಡೂ ಪೂರ್ತಿಯೇ. ಜನ ಗೊಂಬೆಗಳಂತೆ ದಡಬಡ ಓಡಾಡುತ್ತಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ. ಪ್ಲೇಯರ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ 24ರದ್ದು 18ಕ್ಕೆ ಬರುತ್ತದೆ. ಹಿನ್ನೆಲೆ ಸಂಗೀತ ಕೆಡುತ್ತದೆ, ಅದನ್ನು ಮ್ಯೂಟ್ ಮಾಡಿ.

5. ಎಲ್ಲಿ ನೋಡುವುದು

ಮೊದಲು ಹಕ್ಕುದಾರರ ಮತ್ತು ಆರ್ಕೈವ್‌ಗಳ ಸ್ವಂತ ತಾಣಗಳನ್ನು ನೋಡಿ. ಡೆನ್ಮಾರ್ಕಿನ ಚಲನಚಿತ್ರ ಸಂಸ್ಥೆ ತನ್ನ ಮೂಕಿ ಚಿತ್ರಗಳನ್ನು ತನ್ನದೇ ತಾಣದಲ್ಲಿ ಉಚಿತವಾಗಿ ತೋರಿಸುತ್ತದೆ. ಮಂಗಳಗ್ರಹದಲ್ಲಿ ಯುದ್ಧವನ್ನೂ ಮಾಂಸವನ್ನೂ ಬಿಟ್ಟ ಜನ ಸಿಗುವ 1918ರ 'ಹಿಮ್ಮೆಲ್‌ಸ್ಕಿಬೆಟ್' ಅಲ್ಲಿದೆ. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ ಬಂದ ಚಿತ್ರ ಅದು ಎಂಬುದನ್ನು ನೆನಪಿಟ್ಟುಕೊಂಡು ನೋಡಿ. ಕೊರಿಯಾದ ಫಿಲ್ಮ್ ಆರ್ಕೈವ್ ಯೂಟ್ಯೂಬಿನಲ್ಲಿ ಹಳೆಯ ಚಿತ್ರಗಳನ್ನು ಇಂಗ್ಲಿಷ್ ಸಬ್‌ಟೈಟಲ್ ಸಮೇತ ಇಟ್ಟಿದೆ. ಗೊಗೊಲ್ ಕಥೆ ಆಧರಿಸಿದ 1967ರ 'ವೀ' ಮಾಡಿದ ಮೋಸ್‌ಫಿಲ್ಮ್ ಸ್ಟುಡಿಯೊಗೂ ಅಧಿಕೃತ ಚಾನೆಲ್ ಇದೆ.

ಹಳೆಯ ಚಿತ್ರಗಳನ್ನು ಉಚಿತವಾಗಿ ಇಟ್ಟಿರುವ ಇಂಟರ್ನೆಟ್ ಆರ್ಕೈವ್ ಎಂಬ ತಾಣ ಎರಡನೆಯ ಜಾಗ. ಅಲ್ಲಿ ಅಮೆರಿಕದ ಹಳೆಯ ಹಾರರ್ ಇಷ್ಟೊಂದು ಇರುವುದಕ್ಕೆ ಕಾರಣ ಅಲ್ಲಿನ ಹಳೆಯ ಕಾಪಿರೈಟ್ ಕಾನೂನು. 1963ರವರೆಗೆ ಪ್ರಕಟವಾದ ಕೃತಿಗೆ 28 ವರ್ಷದ ರಕ್ಷಣೆ ಇತ್ತು, ಅದನ್ನು ಅರ್ಜಿ ಹಾಕಿ ನವೀಕರಿಸಬೇಕಿತ್ತು. ಎಷ್ಟೋ ಸಣ್ಣ ನಿರ್ಮಾಪಕರು ನವೀಕರಿಸಲಿಲ್ಲ. ತೆರೆಯ ಮೇಲೆ ಕಾಪಿರೈಟ್ ಸೂಚನೆ ಇಲ್ಲದಿದ್ದರೂ ಹಕ್ಕು ಹೋಗುತ್ತಿತ್ತು. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಹೀಗೆ ಕೈತಪ್ಪಿತು: ಕೊನೆ ಗಳಿಗೆಯಲ್ಲಿ ಚಿತ್ರದ ಹೆಸರು ಬದಲಿಸಿದಾಗ, ಹಳೆಯ ಶೀರ್ಷಿಕೆಯ ಜೊತೆಗಿದ್ದ ಸೂಚನೆಯೂ ಬಿಟ್ಟುಹೋಯಿತು. ಒಂದು ಎಚ್ಚರಿಕೆ: ಅಮೆರಿಕದಲ್ಲಿ ಹಕ್ಕು ಮುಗಿದಿದೆ ಎಂದರೆ ಎಲ್ಲ ದೇಶದಲ್ಲೂ ಮುಗಿದಿದೆ ಎಂದಲ್ಲ. ವಿದೇಶಿ ಚಿತ್ರಗಳಲ್ಲಿ ಅನೇಕವು 1996ರಲ್ಲಿ ಅಮೆರಿಕದಲ್ಲೇ ಹಕ್ಕು ಮರಳಿ ಪಡೆದಿವೆ.

ಹಕ್ಕು ಮುಗಿದ ಚಿತ್ರಗಳ ದೊಡ್ಡ ತೊಂದರೆ ಎಂದರೆ ಯಾರು ಬೇಕಾದರೂ, ಎಂಥ ಸವೆದ ಪ್ರಿಂಟಿನಿಂದ ಬೇಕಾದರೂ ಪ್ರತಿ ಮಾಡಬಹುದು. ಹರ್ಕ್ ಹಾರ್ವಿ ಅವರ 1962ರ 'ಕಾರ್ನಿವಲ್ ಆಫ್ ಸೋಲ್ಸ್' ಇದಕ್ಕೆ ಬಲಿಯಾದ ಚಿತ್ರ. ಮಸುಕು ಪ್ರತಿಗಳಲ್ಲಿ ಅದು ಬರೀ ಬೂದು ಬಣ್ಣದ ಗೋಜಲು. ಒಳ್ಳೆಯ ಪ್ರಿಂಟಿನಲ್ಲಿ, ಉಪ್ಪಿನ ಸರೋವರದ ದಡದಲ್ಲಿ ಪಾಳುಬಿದ್ದ ಸಾಲ್ಟೇರ್ ಮಂಟಪ ಸಂಜೆಯ ಬೆಳಕಿಗೆ ಕಪ್ಪಗೆ ಎದ್ದು ನಿಂತಾಗ ಆರ್ಗನ್ನಿನ ನಾದ ಯಾಕೆ ಹೆದರಿಸುತ್ತದೆ ಎಂದು ಗೊತ್ತಾಗುತ್ತದೆ. ಒಂದೇ ಚಿತ್ರದ ನಾಲ್ಕು ಅಪ್‌ಲೋಡ್ ಇದ್ದರೆ ನಾಲ್ಕನ್ನೂ ತೆರೆದು, ಒಂದೇ ರಾತ್ರಿ ದೃಶ್ಯವನ್ನು ಹೋಲಿಸಿ ಆರಿಸಿ.

ಡಿಸ್ಕ್ ಕೊಳ್ಳುವಾಗ ರೀಜನ್, ಅಂದರೆ ಅದು ಯಾವ ಪ್ರದೇಶದ ಪ್ಲೇಯರ್‌ಗೆ ಎಂಬ ಸಂಕೇತ, ನೋಡಿ. ಬ್ಲೂ-ರೇಗೆ ಎ, ಬಿ, ಸಿ ಎಂಬ ಮೂರು, ಡಿವಿಡಿಗೆ 1ರಿಂದ 6. ನಿಮ್ಮ ಪ್ಲೇಯರ್ ಓದದ ರೀಜನ್ ಆದರೆ ಡಿಸ್ಕ್ ತೆರೆದುಕೊಳ್ಳುವುದೇ ಇಲ್ಲ. 4ಕೆ ಯುಎಚ್‌ಡಿ ಡಿಸ್ಕಿಗೆ ಈ ತೊಡಕಿಲ್ಲ, ಆದರೆ ಜೊತೆಗೆ ಬರುವ ಬ್ಲೂ-ರೇಗೆ ಇರಬಹುದು.

6. ಮೊದಲ ಐದು ನಿಮಿಷದ ಪರೀಕ್ಷೆ

ನೋಡಲು ಕೂರುವ ಮುನ್ನ ಚಿತ್ರದ ನಾಲ್ಕಾರು ಕಡೆ ಹಾರಿ ಇಷ್ಟನ್ನು ಗಮನಿಸಿ.

ಗುಂಡಗಿನ ವಸ್ತುವೊಂದನ್ನು ಹುಡುಕಿ: ಚಂದ್ರ, ಗಡಿಯಾರ, ಹಡಗಿನ ಕಿಟಕಿ. ಅದು ಅಡ್ಡಕ್ಕೆ ಮೊಟ್ಟೆಯಂತೆ ಕಂಡರೆ ಚಿತ್ರವನ್ನು ಅಗಲಕ್ಕೆ ಎಳೆದಿದ್ದಾರೆ. ಪ್ಲೇಯರ್‌ನಲ್ಲಿ ಅಗಲ-ಎತ್ತರದ ಅನುಪಾತವನ್ನು 4:3 ಮಾಡಿದರೆ ಸರಿಹೋಗುತ್ತದೆ. ಗುಂಡಗೇ ಇದ್ದು, ಜನರ ನೆತ್ತಿ ಕತ್ತರಿಸಿದ್ದರೆ ಹಳೆಯ ಚೌಕ ಚಿತ್ರವನ್ನು ಅಗಲ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕೊಯ್ದಿದ್ದಾರೆ. ಸುಮಾರು ಶೇ 23ರಷ್ಟು ಚಿತ್ರ ಹೋಗಿದೆ, ಅದು ಸರಿಹೋಗದು. ಇದರ ತಿರುಗುಮುರುಗು ಕೂಡ ಉಂಟು. ಎತ್ತರದ 2.35 ಪಟ್ಟು ಅಗಲದ ಚಿತ್ರವನ್ನು ಹಳೆಯ ಟಿವಿಗಾಗಿ 4:3 ಮಾಡಿದ್ದರೆ ಶೇ 43ರಷ್ಟು ಹೋಗಿರುತ್ತದೆ, ಮಾತಾಡುವ ಇಬ್ಬರಲ್ಲಿ ಒಬ್ಬರೇ ಕಾಣುತ್ತಾರೆ. 1960ರ ದಶಕದ ಜಪಾನಿ ಚಿತ್ರಗಳಿಗೆ ಇದು ತುಂಬ ಆಗಿದೆ. ಅಂಥ ಪ್ರತಿ ಬಿಡಿ, ಬೇರೆಯದಕ್ಕೆ ಕಾಯಿರಿ.

ರಾತ್ರಿ ದೃಶ್ಯ ಹಗಲಿನಂತೆ ಕಾಣುತ್ತಿದೆಯೇ? 1922ರ 'ನೊಸ್ಫೆರಾಟು' ಚಿತ್ರದಲ್ಲಿ ರಕ್ತಪಿಶಾಚಿ ಶವಪೆಟ್ಟಿಗೆ ಹೊತ್ತು ಊರೊಳಗೆ ನಡೆಯುವ ದೃಶ್ಯವನ್ನು ಹಗಲಲ್ಲೇ ಚಿತ್ರೀಕರಿಸಿ, ಫಿಲ್ಮಿಗೆ ನೀಲಿ ಬಣ್ಣ ಕೊಟ್ಟು ರಾತ್ರಿ ಮಾಡಿದ್ದರು. ಬಣ್ಣ ಕಳೆದುಕೊಂಡ ಕಪ್ಪು-ಬಿಳುಪು ಪ್ರತಿಯಲ್ಲಿ ಸೂರ್ಯನ ಬೆಳಕಿಗೇ ಸಾಯಬೇಕಾದವನು ಬಿಸಿಲಲ್ಲಿ ಓಡಾಡುತ್ತಾನೆ. ಬಣ್ಣವಿರುವ ಪ್ರತಿಯನ್ನೇ ಹುಡುಕಿ.

ಯಂತ್ರದಿಂದ ಬಣ್ಣ ತುಂಬಿದ, ಸೆಕೆಂಡಿಗೆ 60 ಚೌಕಟ್ಟಿಗೆ ಏರಿಸಿದ ಅಪ್‌ಲೋಡ್‌ಗಳನ್ನು ದೂರವಿಡಿ. ಫಿಲ್ಮಿನ ಕಣಗಳನ್ನು ಒರೆಸಿದಾಗ ಮುಖದ ಚರ್ಮವೂ ಒರೆಸಿಹೋಗುತ್ತದೆ. ಹಾರರ್ ಚಿತ್ರದಲ್ಲಿ ನೆರಳು ಹೋದರೆ ಅರ್ಧ ಚಿತ್ರ ಹೋಯಿತು.

7. ಸಬ್‌ಟೈಟಲ್ ಹೊಂದಿಸುವುದು

ಫೈಲ್ ಬೇರೆಯಾಗಿ ಸಿಕ್ಕಾಗ ಎರಡು ಬಗೆಯ ತಪ್ಪು ಬರುತ್ತದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಅಂತರದಲ್ಲಿ ತಪ್ಪಿದ್ದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಜಿ, ಎಚ್ ಕೀಲಿ ಒತ್ತಿ ಹಿಂದೆ ಮುಂದೆ ಸರಿಸಿದರೆ ಸಾಕು. ಶುರುವಿನಲ್ಲಿ ಸರಿಯಿದ್ದು ಬರಬರುತ್ತ ದೂರವಾದರೆ ಅದು ಮತ್ತೆ ಆ 24 ಮತ್ತು 25ರ ಜಗಳ. ಒಂದು ಗಂಟೆಯ ಹೊತ್ತಿಗೆ ಎರಡೂವರೆ ನಿಮಿಷದಷ್ಟು ಅಂತರ ಆಗಿದ್ದರೆ ಅನುಮಾನವೇ ಬೇಡ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ದರವನ್ನು 25ರಿಂದ 23.976ಕ್ಕೆ (ಡಿಸ್ಕ್, ಫೈಲ್‌ಗಳಲ್ಲಿ 24ರ ರೂಪ) ಬದಲಿಸಿ ಉಳಿಸಿ. ಅಕ್ಷರಗಳ ಬದಲು ವಿಚಿತ್ರ ಚಿಹ್ನೆ ಕಂಡರೆ ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಗೆ ಬದಲಿಸಿ.

ಅದಕ್ಕಿಂತ ಸೂಕ್ಷ್ಮವಾದ ಮೋಸವೆಂದರೆ, ಇಂಗ್ಲಿಷ್ ಡಬ್ಬಿಂಗ್ ಮಾತನ್ನೇ ಬರೆದು ಮೂಲ ಭಾಷೆಯ ಧ್ವನಿಗೆ ಸಬ್‌ಟೈಟಲ್ ಎಂದು ಅಂಟಿಸಿರುವುದು. ಪಾತ್ರಗಳ ಹೆಸರಿಗೆ ಕಿವಿಗೊಡಿ. ಪಾತ್ರ ಒಂದು ಹೆಸರು ಕೂಗಿ, ಬರಹದಲ್ಲಿ ಬೇರೆ ಹೆಸರಿದ್ದರೆ ಅನುವಾದ ಮೂಲದ್ದಲ್ಲ. ಇಟಲಿಯ ಚಿತ್ರಗಳ ವಿಷಯ ಬೇರೆ. ಅಲ್ಲಿ ಬಹುಪಾಲು ಧ್ವನಿಯನ್ನು ಚಿತ್ರೀಕರಣದ ನಂತರವೇ ಸೇರಿಸುತ್ತಿದ್ದರು, ನಟರು ತಂತಮ್ಮ ಭಾಷೆಯಲ್ಲಿ ಮಾತಾಡಿರುತ್ತಿದ್ದರು. ತುಟಿ ಯಾವ ಭಾಷೆಗೆ ಹೆಚ್ಚು ಹೊಂದುತ್ತದೋ ಆ ಧ್ವನಿಯನ್ನು ಆರಿಸಿಕೊಳ್ಳಿ.

8. ಕಳೆದುಹೋದವು, ಮರಳಿ ಬಂದವು

ಕೆಲವು ಚಿತ್ರಗಳು ಎಷ್ಟು ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಅವು ಉಳಿದಿಲ್ಲ. 1927ರ 'ಲಂಡನ್ ಆಫ್ಟರ್ ಮಿಡ್‌ನೈಟ್' ಚಿತ್ರದ ಕೊನೆಯ ಪ್ರತಿ ಎಂಜಿಎಂ ಸ್ಟುಡಿಯೊದ ಗೋದಾಮಿನ ಬೆಂಕಿಯಲ್ಲಿ ಸುಟ್ಟುಹೋಯಿತು. ಆ ಹೆಸರಿನಲ್ಲಿ ಈಗ ನೋಡಸಿಗುವುದು ಸ್ಥಿರಚಿತ್ರಗಳನ್ನು ಜೋಡಿಸಿ 2002ರಲ್ಲಿ ಮಾಡಿದ ಪುನರ್ರಚನೆ. 'ಪೂರ್ತಿ ಚಿತ್ರ' ಎಂದು ಮಾರುವವರಿಗೆ ಹಣ ಕೊಡಬೇಡಿ.

ಆದರೂ ಪಟ್ಟಿಯಿಂದ ಹೆಸರು ಹೊಡೆದುಹಾಕಬೇಡಿ. ಜೇಮ್ಸ್ ವೇಲ್ ಅವರ 1932ರ 'ದಿ ಓಲ್ಡ್ ಡಾರ್ಕ್ ಹೌಸ್' ಕಳೆದುಹೋಯಿತೆಂದೇ ಎಲ್ಲರೂ ತಿಳಿದಿದ್ದಾಗ, ನಿರ್ದೇಶಕ ಕರ್ಟಿಸ್ ಹ್ಯಾರಿಂಗ್ಟನ್ ಹಟ ಬಿಡದೆ ಹುಡುಕಿಸಿ 1968ರಲ್ಲಿ ಯೂನಿವರ್ಸಲ್‌ನ ಗೋದಾಮಿನಲ್ಲೇ ಅದನ್ನು ಪತ್ತೆಮಾಡಿದರು. 'ಮೆಟ್ರೊಪೊಲಿಸ್' ಚಿತ್ರದ ಕಾಣೆಯಾಗಿದ್ದ ಸುಮಾರು 25 ನಿಮಿಷ 2008ರಲ್ಲಿ ಬ್ಯೂನಸ್ ಐರಿಸ್‌ನ ಚಲನಚಿತ್ರ ಸಂಗ್ರಹಾಲಯದಲ್ಲಿ 16 ಎಂಎಂ ಪ್ರತಿಯೊಂದರಲ್ಲಿ ಸಿಕ್ಕಿತು.

ಇದಕ್ಕಾಗಿ ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್ ಇಡಿ. ಆರು ಅಂಕಣ: ಮೂಲ ಶೀರ್ಷಿಕೆ, ಇತರ ಹೆಸರುಗಳು, ವರ್ಷ, ಮೂಲ ಅವಧಿ ಅಥವಾ ಮೀಟರ್, ಅನುಪಾತ, ಈಗ ಸಿಕ್ಕ ಪ್ರತಿ ಹೇಗಿದೆ. ಕೊನೆಯ ಅಂಕಣವನ್ನು ಪೆನ್ಸಿಲಿನಲ್ಲಿ ಬರೆಯಿರಿ. 'ಇಕಾರಿಯೆ' ಸಾಲಿನಲ್ಲಿ ಬಹುಕಾಲ ಅಮೆರಿಕದ ಮಸುಕು ಪ್ರತಿ ಎಂದೇ ಇರಬೇಕಾಗಿತ್ತು. 2016ರಲ್ಲಿ ಪ್ರಾಗ್‌ನ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಮಾಡಿಸಿದ 4ಕೆ ಪ್ರತಿ ಕಾನ್ ಉತ್ಸವದಲ್ಲಿ ತೆರೆಕಂಡ ಮೇಲೆ ಆ ಸಾಲನ್ನು ಅಳಿಸಿ ಹೊಸದಾಗಿ ಬರೆಯಬೇಕಾಯಿತು.